ಸ್ಪೀಕರಿನಲ್ಲಿ ಉಮ್ಮ

ಜ್ಯೂಸ್ ಅಂಗಡಿಯಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಕೂತಿದ್ದ ಮೂಲೆಯ ಮೇಜನ್ನು ಐವರು ಗಂಡಸರು ಸುತ್ತುವರಿದರು. ಹುಡುಗಿ ಮೇಜಿನ ಮೇಲಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಅಂಗಡಿಯವನು ತಲೆ ತಗ್ಗಿಸಿ ಮಿಕ್ಸಿ ತೊಳೆಯತೊಡಗಿದ.

"ಹೆಸರೆಂತ ನಿಂದು?"

"ಮಿಸ್ಬಾಹ್," ಎಂದ ಹುಡುಗ.

"ಓಹೋ! ಮತ್ತೆ ಇವಳು?"

"ನನ್ನ ತಂಗಿ."

"ಹಾಗಾದ್ರೆ ಅಮ್ಮನಿಗೆ ಫೋನ್ ಮಾಡು. ಸ್ಪೀಕರ್ ಹಾಕು."

ಹುಡುಗನ ಉಮ್ಮ ಫೋನೆತ್ತಿದರು. ಮುಂದೆ ನಿಂತವನು ಬಗ್ಗಿ ಕೇಳಿದ: "ನಿಮ್ಮ ಮಗನೊಟ್ಟಿಗೆ ಒಂದು ಹುಡುಗಿ ಉಂಟು. ತಲೆಗೆ ಬಟ್ಟೆಯೂ ಇಲ್ಲ. ತಂಗಿ ಅಂತಾನೆ, ಹೌದಾ?"

ಒಬ್ಬ ಬೆಲ್ಟು ಬಿಚ್ಚಿ ಕೈಗೆ ಸುತ್ತಿಕೊಂಡ.

"ಹೌದು, ನನ್ನ ಮಗಳೇ," ಎಂದು ಉಮ್ಮ ಸಿಡುಕಿದರು. "ಇವತ್ತೂ ಶಾಲು ಬಿಟ್ಟು ಹೋಗಿದ್ದಾಳಾ? ಮನೆಗೆ ಬರ್ಲಿ, ಕಾಲು ಮುರೀತೇನೆ!"

ಗಂಡಸರು ನಕ್ಕು ದಾರಿ ಬಿಟ್ಟರು. ಆದರೆ ಅವರ ಎರಡು ಬೈಕುಗಳು ಹುಡುಗನ ಮನೆಯವರೆಗೂ ಹಿಂದೆಯೇ ಬಂದವು.

ಉಮ್ಮ ಅಂಗಳದಲ್ಲೇ ಹುಡುಗಿಯ ಕಿವಿ ಹಿಂಡಿದರು. ಬೈಯುತ್ತಲೇ ಒಳಗೆಳೆದುಕೊಂಡು ಚಿಲಕ ಹಾಕಿದರು. ಹೊರಗೆ ಬೈಕುಗಳು ಇನ್ನೂ ಗುರುಗುಡುತ್ತಿದ್ದವು.

ಆಮೇಲೆ ಉಮ್ಮ ಹುಡುಗಿಯ ಮುಖ ನೋಡಿ, ದನಿ ತಗ್ಗಿಸಿ ಕೇಳಿದರು:

"ನಿನ್ನ ಹೆಸರೆಂತ, ಮಗಳೇ?"