ತಲೆಕಟ್ಟು

“ರೀ, ಉಳಿ ಇಳಿಸಿ! ಇಳಿಸಿ ಅಂದ್ನಲ್ಲ!”

ಹೆಂಡತಿ ಚರ್ಚಿನ ಬಾಗಿಲಲ್ಲೇ ಕೂಗಿದ ಕೂಗಿಗೆ, ಏಣಿ ಏರಿ ಗೋಡೆಯ ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದ ಮುದುಕ ಬೆಚ್ಚಿಬಿದ್ದ. ಬೆಳಿಗ್ಗೆ ಮಂಡಿನೋವೆಂದು ಹಾಸಿಗೆಯಿಂದ ಏಳಲಾರದೆ ನರಳುತ್ತಿದ್ದವಳು ಈಗ ಚಪ್ಪಲಿ ಕೈಯಲ್ಲಿ ಹಿಡಿದು, ಬೆಂಚುಗಳ ನಡುವೆ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದಳು.

“ಏನಾಯ್ತೇ? ಮನೆಗೆ ಬೆಂಕಿ ಬಿತ್ತಾ?”

“ನಿಮ್ಮ ಬಾಯಿಗಿಷ್ಟು! ಬದುಕಿದ್ದಾನೆ ರೀ! ನೀವು ಕೆತ್ತುತ್ತಾ ಇದ್ದೀರಲ್ಲ, ನಮ್ಮ ಎದುರುಮನೆಯವನು, ಅವನು ಬದುಕಿದ್ದಾನೆ! ಯಾವುದೋ ಹಡಗಿನವರು ನೀರಿಂದ ಎತ್ತಿ ದೂರದ ಆಸ್ಪತ್ರೆಗೆ ಸೇರಿಸಿದ್ರಂತೆ. ಪ್ರಜ್ಞೆನೇ ಇರಲಿಲ್ವಂತೆ, ಯಾರು ಏನು ಅಂತ ಯಾರಿಗೆ ಗೊತ್ತಾಗ್ಬೇಕು? ಈಗ ಬಂದರಿನಲ್ಲಿ ಇಳಿದ. ಮುಖ ಪೂರ್ತಿ ಗಡ್ಡ ರೀ, ಮೂಗು ನೋಡಿ ಗುರುತು ಹಿಡಿದೆ!”

ಮುದುಕನಿಗೆ ಖುಷಿ ಉಕ್ಕಿತು, ಕಣ್ಣು ಮಾತ್ರ ಗೋಡೆಯ ಮೇಲೇ ನಿಂತಿತ್ತು. ಕಡಲಿಗೆ ಹೋಗಿ ಬಾರದೆ ಉಳಿದವರ ಗೋಡೆ ಅದು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಹೆಸರು, ಆಮೇಲೆ ಎಲ್ಲರಿಗೂ ಅವೇ ಮಾತುಗಳು: ಕಡಲಲ್ಲಿ ತೀರಿದ ನಾವಿಕ. ಎದುರುಮನೆಯವನ ಹೆಸರು ಆಗಲೇ ಮುಗಿದಿತ್ತು. ‘ಕಡಲಲ್ಲಿ’ಯೂ ಮುಗಿದಿತ್ತು.

ಮುದುಕನ ಕೆಲಸದ ಕ್ರಮವೇ ಬೇರೆ. ಮೊದಲು ಇಡೀ ಸಾಲಿನ ಅಕ್ಷರಗಳ ಮೈ ಕೆತ್ತಿಕೊಳ್ಳುವುದು, ಅದು ಮನಸ್ಸಿಗೆ ಒಪ್ಪಿದ ಮೇಲೆ ಮೊದಲಿನಿಂದ ಒಂದೊಂದಕ್ಕೇ ತಲೆಕಟ್ಟೋ ಗುಡಿಸೋ ಇಡುತ್ತಾ ಹೋಗುವುದು. ಪಾದ್ರಿಗಳು ಎಷ್ಟು ಅವಸರ ಮಾಡಿದರೂ ಅಷ್ಟೇ. ಊರವರು ಅವನನ್ನು ಆಮೆ ಮೇಸ್ತ್ರಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೇಲಿನ ಮೂರನೇ ಸಾಲೊಂದನ್ನು ಮಾತ್ರ ಅವನು ಮೈ ತಲೆ ಎಲ್ಲ ಒಟ್ಟಿಗೇ, ಕೈ ಎತ್ತದೆ, ಕೆತ್ತಿ ಮುಗಿಸಿದ್ದ. ಅದು ಅವನ ಮಗನದು.

“ಸುಮ್ನೆ ನಿಂತ್ಕೊಂಡ್ರೆ ಹೇಗೆ? ಮೊದಲು ಇಲ್ಲಿ ಮೇಣದಬತ್ತಿ ಹಚ್ಚಿ ಆಮೇಲೆ ಮನೆಗೆ ಹೋಗ್ತೀನಿ ಅಂತ ಈ ಕಡೆಗೇ ಬರ್ತಿದ್ದಾನೆ. ಅಳಿಸಿ!”

“ಅಳಿಸೋಕೆ ಸೀಮೆಸುಣ್ಣದಲ್ಲಿ ಬರೆದಿದ್ದೀನಾ? ಕಲ್ಲು ಕಣೇ!”

“ಹಾಗಾದ್ರೆ ಮುಚ್ಚಿ!”

ಅವಳು ಧೂಳೊರೆಸುವ ಬಟ್ಟೆ ಎಸೆದಳು. ಅದು ಒಂದು ಅಕ್ಷರಕ್ಕೂ ಸಾಲಲಿಲ್ಲ. ಹೊರಗೆ ಗದ್ದಲ ಹತ್ತಿರವಾಯಿತು. ಬೇರೆ ದಾರಿ ಕಾಣದೆ ಮುದುಕ ಏಣಿಯ ಮೇಲೇ ತಿರುಗಿ, ಎರಡೂ ತೋಳು ಚಾಚಿ ಬೆನ್ನನ್ನು ಗೋಡೆಗೆ ಒತ್ತಿ ನಿಂತುಬಿಟ್ಟ.

ಬಂದೇಬಿಟ್ಟ! ಹಿಂದೆ ಅರ್ಧ ಬಂದರೇ ಬಂದಿತ್ತು. ನಾವಿಕನ ಹೆಂಡತಿ ಅವನ ತೋಳನ್ನು, ಬಿಟ್ಟರೆ ಎಲ್ಲಿ ಮಾಯವಾಗುತ್ತಾನೋ ಎನ್ನುವಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

“ಏನಜ್ಜಾ ಇದು, ಹಲ್ಲಿ ತರ ಗೋಡೆಗೆ ಅಂಟ್ಕೊಂಡಿದ್ದೀರಿ?” ಎಂದು ನಗುತ್ತಾ ನಾವಿಕ ಅವನನ್ನು ತಬ್ಬಿಕೊಂಡು, ಮಗುವನ್ನು ಎತ್ತಿದಂತೆ ಏಣಿಯಿಂದ ಎತ್ತಿ ಪಕ್ಕಕ್ಕೆ ಇಳಿಸಿದ. ಆಮೇಲೆ ಗೋಡೆ ನೋಡಿದ. ನಗು ನಿಂತಿತು.

ಅವನ ಹೆಂಡತಿ ಗೋಡೆಗೆ ಬೆನ್ನು ಹಾಕಿದಳು. “ಬೇಡ ಅಂತ ಎಷ್ಟು ಬಡ್ಕೊಂಡೆ ಅಜ್ಜ. ಒಡೆದುಹಾಕಿ ಅದನ್ನ. ಬದುಕಿರೋರ ಹೆಸರು ಅಲ್ಲಿ ಇರಬಾರದು.”

ಮುದುಕ ತಲೆ ತಗ್ಗಿಸಿದ. ಒಡೆದರೆ ಮೇಲಿನ ಸಾಲಿನವರಿಗೂ ಏಟು ಬೀಳುತ್ತದೆ. ಒಡೆಯದಿದ್ದರೆ ಈ ಹುಡುಗಿ ಇನ್ನು ಚರ್ಚಿನೊಳಗೆ ಕಾಲಿಡಲಿಕ್ಕಿಲ್ಲ. ಏನೂ ತೋಚದೆ ತನ್ನ ಅಕ್ಷರಗಳನ್ನೇ ನೋಡಿದ. ‘ತೀ’ಗೆ ತಲೆ ಬಂದಿತ್ತು. ಅದರ ಮುಂದಿನದು ಇನ್ನೂ ಬರೀ ದುಂಡಗಿನ ಮೈ. ಅದಕ್ಕೆ ಗುಡಿಸು ಇಡಬೇಕೆಂದು ಉಳಿ ಎತ್ತಿದಾಗಲೇ ಹೆಂಡತಿ ಕೂಗಿದ್ದು!

“ತಡಿ ಮಗಳೇ, ತಡಿ! ಸುತ್ತಿಗೆ ಎಲ್ಲಿ? ನನ್ನ ಸುತ್ತಿಗೆ ಎಲ್ಲಿ?”

ಸುತ್ತಿಗೆ ಅವನ ಕೈಯಲ್ಲೇ ಇತ್ತು. ಆಮೆ ಮೇಸ್ತ್ರಿ ಏಣಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದನ್ನು ಆ ದಿನ ಎಲ್ಲರೂ ನೋಡಿದರು. ದುಂಡಗಿನ ಮೈಯ ಮೇಲೆ ಗುಡಿಸಿನ ಬದಲು ಟಕಟಕನೆ ಒಂದು ತಲೆಕಟ್ಟು ಇಟ್ಟ. ಪಕ್ಕದ ‘ದ’ಕ್ಕೆ ಇನ್ನೊಂದು. ‘ನಾವಿಕ’ನ ತಲೆಗಳನ್ನು ನಾಳೆಗೆ ಬಿಟ್ಟು, ಉಫ್ ಎಂದು ಪುಡಿ ಊದಿ, ಪಕ್ಕಕ್ಕೆ ಸರಿದ.

“ಈಗ ಓದು!”

ನಾವಿಕ ಗಾಳಿಯಲ್ಲಿ ಬೆರಳಾಡಿಸುತ್ತಾ ತನ್ನ ಹೆಸರು ಓದಿದ. “ಕಡಲಲ್ಲಿ... ತೀರದ... ತೀರದ ನಾವಿಕ!”

ಚರ್ಚಿನ ಸೂರು ಹಾರಿಹೋಗುವಂತೆ ಜನ ಕೇಕೆ ಹಾಕಿದರು. ಅವನ ಹೆಂಡತಿ ಅಳುತ್ತಲೇ ನಕ್ಕಳು. “ಇನ್ಮೇಲೆ ತೀರ ಬಿಟ್ಟು ಕದಲೋಕೂ ಬಿಡಲ್ಲ ಇವರನ್ನ. ಕಲ್ಲಲ್ಲೇ ಬರೆದಾಗಿದೆ, ತೀರದ ನಾವಿಕ ಅಂತ!” ಯಾರೋ ನಾವಿಕನನ್ನು ಹೆಗಲೇರಿಸಿದರು. ಇನ್ಯಾರೋ ಮುದುಕನ ಎರಡೂ ಕೆನ್ನೆಗೆ ಮುತ್ತಿಟ್ಟರು. ಈ ಗೋಡೆಯ ಮುಂದೆ ಅವನು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

ಮೆರವಣಿಗೆ ಬೀದಿಗಿಳಿಯಿತು. ಮುದುಕನೂ ಬಾಗಿಲವರೆಗೆ ಓಡಿ, “ಬಾರೇ ಬೇಗ, ನಾವೂ ಹೋಗೋಣ!” ಎಂದು ಹೆಂಡತಿಗಾಗಿ ತಿರುಗಿದ.

ಮಂಡಿನೋವಿನ ಮುದುಕಿ ಏಣಿಯ ತುದಿಗೆ ಹತ್ತಿದ್ದಳು. ಮೇಲಿನ ಮೂರನೇ ಸಾಲಿನಲ್ಲಿ, ‘ರಿ’ಯ ಗುಡಿಸಿನ ಮೇಲೆ ಅವಳ ಬೆರಳಿತ್ತು.

“ಇವನದನ್ನ ಮಾತ್ರ,” ಎಂದಳು ತಿರುಗದೆ, “ಯಾಕೆ ರೀ ಅಷ್ಟು ಬೇಗ ಮುಗಿಸಿದ್ರಿ?”