ಡ್ರೈವರ್ ಬೆನ್ನ ಹಿಂದಿನ ಸೀಟು

“ಒಂದೇ ಒಂದು ತಪ್ಪು ಸಿಕ್ತು,” ಎಂದು ಕ್ಲಾರೆನ್ಸ್ ಓಲ್ಡ್‌ರಾಯ್ಡ್ ಭೂತಗನ್ನಡಿ ಕೆಳಗಿಟ್ಟರು.

ಮಗಳು ಬೆರಿಲ್‌ಗೆ ನಗು ತಡೆಯಲಾಗಲಿಲ್ಲ. ಒಂದೇ! ಮೊಸರಲ್ಲಿ ಕಲ್ಲು ಹುಡುಕುವ ಅಪ್ಪನ ಬಾಯಲ್ಲಿ ಅದು ಆಶೀರ್ವಾದವೇ ಸರಿ. ಅವರ ತೊಂಬತ್ತನೆಯ ಹುಟ್ಟುಹಬ್ಬಕ್ಕೆಂದು ಅವಳು ತಂದದ್ದು ಮೊಳದುದ್ದದ ಮಾದರಿ ರೈಲು: ಹಸಿರು ಬಣ್ಣದ ಎರಡು ಬೋಗಿ, ಮೂತಿಯ ಮೇಲೆ ಬೆಕ್ಕಿನ ಮೀಸೆಯಂಥ ಕೆನೆಬಣ್ಣದ ಗೆರೆಗಳು. ಉಗಿಬಂಡಿ ಹೋಗಿ ಡೀಸೆಲ್ ಬಂದ ಹೊಸತರಲ್ಲಿ, ಯಾರ್ಕ್‌ಷೈರಿನ ಈ ಕಣಿವೆಯಲ್ಲಿ ಕ್ಲಾರೆನ್ಸ್ ಓಡಿಸಿದ್ದು ಇಂಥದ್ದನ್ನೇ. ಅಂಟಿಸುವ, ಬಣ್ಣ ಬಳಿಯುವ ತಾಪತ್ರಯವಿಲ್ಲ. ಪೆಟ್ಟಿಗೆಯಿಂದ ತೆಗೆದು ಹಳಿಗಿಟ್ಟರೆ ಓಡುತ್ತದೆ. ಹಳಿಗೇನೂ ಬರವಿರಲಿಲ್ಲ. ಎಂದೋ ಮುಚ್ಚಿಹೋದ ಆ ಮಾರ್ಗವನ್ನು ಒಂದು ಸ್ಟೇಷನ್ನೂ ಬಿಡದೆ ಅವರು ಮುಂಗೋಣೆಯ ಹಲಗೆಗಳ ಮೇಲೆ ಕಟ್ಟಿಟ್ಟಿದ್ದರು. ಹೊಸ ಮಾದರಿ ಬಂದಾಗಲೆಲ್ಲ ತಪ್ಪು ಎಣಿಸಿ ಕಾರ್ಖಾನೆಗೆ ಕಾಗದ ಬರೆಯುವುದು ಅವರಂಥ ರೈಲುಹುಚ್ಚರ ಕುಲಾಚಾರ. ಹಿಂದಿನ ರೈಲಿಗೆ ಇಪ್ಪತ್ಮೂರು ತಪ್ಪು ಬರೆದಿದ್ದರು.

“ಏನಪ್ಪ ತಪ್ಪು? ಮೀಸೆ ಸೊಟ್ಟಗಿದ್ಯಾ?”

“ಮೀಸೆ ನನ್ನದಕ್ಕಿಂತ ಚೆನ್ನಾಗಿದೆ. ಇಲ್ಲಿ ನೋಡು, ಡ್ರೈವರ್ ಬೆನ್ನ ಹಿಂದೆ ಬರೀ ಗಾಜು ಬಿಟ್ಟಿದಾರೆ. ನನ್ನ ಗಾಡೀಲಿ ಅಲ್ಲಿ ಪರದೆ ಇಳಿದಿರ್ತಿತ್ತು. ಒಂಚೂರು ಕಪ್ಪು ಕಾಗದ ಕತ್ತರಿಸಿ ಅಂಟಿಸು, ನನ್ನ ಕೈ ನಡುಗತ್ತೆ.”

ಬೆರಿಲ್‌ಳ ನಗು ಅಲ್ಲೇ ಬತ್ತಿತು. ಅರವತ್ನಾಲ್ಕು ವರ್ಷದ ಹೆಂಗಸಿನೊಳಗೆ ಏಳು ವರ್ಷದ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಎದ್ದು ಕೂತಳು.

“ಆ ಪರದೆ ನನಗೆ ಗೊತ್ತಿಲ್ವಾ? ಬೇರೆ ಡ್ರೈವರ್‌ಗಳೆಲ್ಲ ಹಗಲು ಹೊತ್ತು ಅದನ್ನ ಎತ್ತಿರ್ತಿದ್ರು. ಗಾಜಿನಾಚೆ ಹಳಿ ಓಡೋದು ಕಾಣತ್ತೆ ಅಂತ ಮಕ್ಕಳು ಡ್ರೈವರ್ ಬೆನ್ನಿಗಂಟಿದ ಆ ಮುಂದಿನ ಸೀಟಿಗೆ ಕಿತ್ತಾಡ್ತಿದ್ವು. ನನಗೆ ಏಳು ತುಂಬಿದ ದಿನ, ನಮ್ಮಪ್ಪನ ಗಾಡಿ ಅಂತ ಜಂಬ ಕೊಚ್ಕೊಂಡು ಗೆಳತಿಯರನ್ನ ಕರ್ಕೊಂಡು ಬಂದು ಕೂತೆ. ನೀನು ತಿರುಗಿ ನನ್ನ ಮುಖ ನೋಡಿದೆ. ನೋಡಿ ಸರಕ್ಕಂತ ಪರದೆ ಎಳೆದೆ! ಡೋರೀನ್ ಏನಂದ್ಲು ಗೊತ್ತಾ? ‘ನಿಮ್ಮಪ್ಪನಿಗೆ ನಿನ್ನ ಮುಖ ಕಂಡ್ರಾಗಲ್ಲ’ ಅಂದ್ಲು. ಅವತ್ತಿಂದ ಆ ಸೀಟಿನ ಕಡೆ ತಲೆ ಹಾಕಿಲ್ಲ ನಾನು. ಹಿಂದಿನ ಬೋಗೀಲೇ ಕೂರ್ತಿದ್ದೆ.”

“ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ.”

“ನೀನು ಕೇಳ್ಲೇ ಇಲ್ವಲ್ಲ.”

ಕ್ಲಾರೆನ್ಸ್ ರೈಲಿನ ಮೂತಿಯನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು. ಆಮೇಲೆ ನಿಧಾನವಾಗಿ ಹೇಳಿದರು.

“ಉಗಿಬಂಡೀಲಿ ನಮ್ಮ ಮುಂದೆ ಉದ್ದಕ್ಕೂ ಬಾಯ್ಲರ್ ಇರ್ತಿತ್ತು ಕಣೆ. ಹಳಿ ಅರ್ಧ ಕಾಣ್ತಿತ್ತು, ಅರ್ಧ ಇಲ್ಲ. ಡೀಸೆಲ್‌ನಲ್ಲಿ ಮೂತೀಲೇ ಕೂರಬೇಕು, ಎದುರಿಗೆ ಬರೀ ಗಾಜು. ನಿನ್ನ ಹುಟ್ಟುಹಬ್ಬಕ್ಕೆ ಹತ್ತು ದಿನ ಮುಂಚೆ, ಹ್ಯಾಗ್ ಲೇನ್ ಗೇಟಿನ ಹತ್ರ ಒಬ್ಬ ಬಂದು ಹಳಿ ಮೇಲೆ ನಿಂತ. ನನ್ನನ್ನೇ ನೋಡ್ತಾ ನಿಂತ. ಬ್ರೇಕ್ ಹಾಕಿದೆ. ಎಲ್ಲಿ ನಿಲ್ಲತ್ತೆ? ಗಾಡಿ ನಿಂತ ಮೇಲೆ ಹಿಂದೆ ತಿರುಗಿದ್ರೆ, ಆ ಸೀಟಲ್ಲಿ ಒಂದು ಪುಟ್ಟ ಹುಡುಗಿ. ಎಲ್ಲಾ ನೋಡ್ಬಿಟ್ಟಿತ್ತು. ಅಳ್ಲೂ ಇಲ್ಲ ಅದು. ನಿನ್ನಷ್ಟೇ ವಯಸ್ಸು. ಅವತ್ತಿಂದ ಪ್ರತಿ ಸಲ ಗಾಡಿ ಹೊರಡೋ ಮುಂಚೆ ಪರದೆ ಇಳಿಸ್ತಿದ್ದೆ.”

“ನನಗೊಂದು ಮಾತು ಹೇಳಬಾರದಿತ್ತಾ, ಅಪ್ಪ?”

“ಏಳು ವರ್ಷದ ಮಗೂಗೆ ಏನಂತ ಹೇಳ್ಲಿ? ದೊಡ್ಡವಳಾದ ಮೇಲೆ ಹೇಳೋಣ ಅಂದ್ಕೊಂಡೆ. ದೊಡ್ಡವಳಾದ ಮೇಲೆ ನೀನು ನನ್ನ ಹತ್ರ ನಿಂತು ಮಾತಾಡ್ತಿದ್ದೆಯೇನೆ?”

ಬೆರಿಲ್ ಕತ್ತರಿ ಕೈಗೆತ್ತಿಕೊಂಡಳು. ತನ್ನ ಮದುವೆಯ ದಿನ ಚರ್ಚಿನೊಳಕ್ಕೆ ನಡೆಯುವಾಗ, ವಧುವನ್ನು ಕರೆತರಬೇಕಾದ ಅಪ್ಪನ ತೋಳು ಬೇಡವೆಂದು ಚಿಕ್ಕಪ್ಪನ ತೋಳು ಹಿಡಿದಿದ್ದಳು. ಅಪ್ಪ ಎರಡನೆಯ ಸಾಲಿನಲ್ಲಿ ಹ್ಯಾಟು ತಿರುಗಿಸುತ್ತ ಕೂತಿದ್ದರು. ಆಗ ಅದು ಗೆಲುವಿನಂತೆ ಕಂಡಿತ್ತು.  ಅವಳು ತಲೆ ತಗ್ಗಿಸಿ, ಉಗುರಿನಷ್ಟು ಅಗಲದ ಕಪ್ಪು ಕಾಗದ ಕತ್ತರಿಸಿ, ಅಂಟು ಸವರಿ ಚಿಮಟಕ್ಕೆ ಸಿಕ್ಕಿಸಿಕೊಂಡಳು.

“ಕೆಳಗಿನ ತನಕ ಅಂಟಿಸ್ಲಾ?”

“ತಡಿ.” ಕ್ಲಾರೆನ್ಸ್ ಹಲಗೆಯ ಮೇಲಿನ ಪುಟ್ಟ ಗೇಟನ್ನೂ ಅದರಾಚೆಯ ಹಸಿರು ಬಯಲನ್ನೂ ನೋಡುತ್ತಿದ್ದರು. “ಹ್ಯಾಗ್ ಲೇನ್ ದಾಟಿದ್ರೆ ನಮ್ಮೂರ ತನಕ ಬರೀ ಹುಲ್ಲು, ಕುರಿ. ಯಾರಿಗೂ ಏನೂ ಆಗೋ ಜಾಗ ಅಲ್ಲ. ಅಲ್ಲಿಂದಾಚೆ ಪರದೆ ಎತ್ತಬಹುದಿತ್ತು. ಅದು ಹೊಳೆಯಕ್ಕೆ ನನಗೆ ಒಂದು ವರ್ಷ ಬೇಕಾಯ್ತು.”

“ಹೊಳೆದ ಮೇಲಾದ್ರೂ ಎತ್ತಬೇಕಿತ್ತು.”

“ಎತ್ತಿದೆ ಕಣೆ. ಒಂದು ಶನಿವಾರ ಊರಿಗೆ ವಾಪಸ್ ಬರಕ್ಕೆ ನೀನು ಪ್ಲಾಟ್‌ಫಾರ್ಮಲ್ಲಿ ನಿಂತಿದ್ದು ನೋಡಿದ್ದೆ. ಗೇಟು ದಾಟಿದ ಕೂಡಲೇ ಎತ್ತಿ, ತಿರುಗಿ ನೋಡಿದೆ.”

ಬೆರಿಲ್‌ಳ ಚಿಮಟದ ತುದಿಯಲ್ಲಿ ಕಾಗದದ ಅಂಟು ಒಣಗುತ್ತಿತ್ತು.

“ಸೀಟು ಖಾಲಿ ಇತ್ತು,” ಎಂದರು ಅಪ್ಪ.