ದಪ್ಪ ಮರಕ್ಕೆ ದಪ್ಪ ಅರ

ಸಾರ್ಪಾಂಗ್ ಚೀಲಕ್ಕೆ ಕೈ ಹಾಕಿ ಚೈನು ಮಸೆಯುವ ಎರಡು ದುಂಡು ಅರಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಒಂದು ಐದೂವರೆ ಮಿಲಿಮೀಟರಿನದು, ಅವನ ಯಂತ್ರಗರಗಸದ ಚೈನಿಗೆ ಹೇಳಿ ಮಾಡಿಸಿದ ಅಳತೆ. ಇನ್ನೊಂದು ಆರು ದಾಟಿದ್ದು, ಬೇರೆ ಯಾವುದೋ ದೊಡ್ಡ ಯಂತ್ರದ್ದು. ಎದುರಿಗಿದ್ದ ಒಡುಮ್ ಮರ ಕೋಕೋ ತೋಟದ ಕಡೆಗೇ ಪೂರ್ತಿ ವಾಲಿಕೊಂಡಿತ್ತು. ಬೀಳುವುದಾದರೆ ಅಲ್ಲಿಗೇ ಬೀಳಬೇಕು. ಅಲ್ಲಿ ಗಿಡಗಳು ಮೈತುಂಬ ಕಾಯಿ ಹೊತ್ತು ನಿಂತಿದ್ದವು.

"ಒಂದು ತಿಂಗಳು ತಡೀರಿ ಹಿರಿಯರೇ," ಎಂದ ಸಾರ್ಪಾಂಗ್. "ಪೊಕುವಾ ಕಾಯಿ ಇಳಿಸ್ಕೊಂಡ್ಬಿಡ್ಲಿ. ಆಮೇಲೆ ನಾನೇ ಬಂದು ಕೆಡವಿ ಕೊಡ್ತೀನಿ."

"ನೀನು ಮರ ಕುಯ್ಯೋಕೆ ಬಂದಿದೀಯೋ, ನ್ಯಾಯ ಹೇಳೋಕೋ?" ಎಂದ ಅಮಂಕ್ವಾ. ಪೊಕುವಾಳ ಗಂಡನ ಸೋದರಮಾವ ಅವನು, ಕುಲದ ಯಜಮಾನ. ಗಂಡ ಸತ್ತ ಮೇಲೆ ತೋಟ ಅಲ್ಲಿನ ಕಟ್ಟಳೆಯಂತೆ ಹೆಂಡತಿ ಮಕ್ಕಳಿಗೆ ಬರದೆ ಸೋದರಮಾವನ ಕಡೆಗೆ ಹೋಗಿತ್ತು. ನಿಂತ ಫಸಲೊಂದು ಮಾತ್ರ ನಿನ್ನದು ಎಂದು ಊರವರ ಮುಂದೆ ಪೊಕುವಾಗೆ ಹೇಳಿದ್ದವನೂ ಇವನೇ. ಅದನ್ನು ಮಾರಿಕೊಂಡು ಅವಳು ಮಕ್ಕಳ ಜೊತೆ ತವರೂರು ಸೇರಬೇಕು, ಬೇರೆ ಆಸರೆ ಇಲ್ಲ. ಈಗ ಯಜಮಾನನಿಗೆ ಹೊಸ ಮನೆಯ ಮಾಡಿಗೆ ಹಲಗೆ ಬೇಕಾಗಿಬಿಟ್ಟಿತ್ತು. "ಆಗಲ್ಲ ಅಂದ್ರೆ ಹೇಳು. ಗರಗಸದವರಿಗೇನು ಬರ ಬಂದಿಲ್ಲ. ನಾಳೆ ಇನ್ನೊಬ್ಬ ಬರ್ತಾನೆ."

ಬರುತ್ತಾನೆ, ಅದರಲ್ಲಿ ಸುಳ್ಳೇನಿಲ್ಲ.

ಪೊಕುವಾ ತೋಟದಂಚಿನಲ್ಲಿ ಕೈಕಟ್ಟಿ ನಿಂತಿದ್ದಳು. "ಅವನನ್ನ್ಯಾಕೆ ಬಯ್ತೀರ ಮಾವ," ಎಂದಳು. "ನನ್ನ ಗಂಡನ ಜೊತೆ ಒಂದೇ ಬೋಗುಣೀಲಿ ಫುಫು ಮುದ್ದೆ ಉಂಡೋನು. ಪಾಪ, ಉಂಡ ಋಣ ತೀರಿಸೋಕೆ ಗರಗಸ ಹೊತ್ಕೊಂಡು ಬಂದಿದಾನೆ."

ಸಾರ್ಪಾಂಗ್‌ಗೆ ಚುರ್ರೆಂದಿತು. ದಪ್ಪ ಅರವನ್ನು ಕೈಗೆತ್ತಿಕೊಂಡು ಚೈನಿನ ಮೊದಲ ಹಲ್ಲಿಗೆ ಹಚ್ಚಿದ.

ಸುತ್ತಲಿನ ಊರುಗಳಲ್ಲಿ ಚೈನು ಮಸೆಯುವುದೆಂದರೆ ಸಾರ್ಪಾಂಗೇ. ಅರ ಅಳತೆಗಿಂತ ತೆಳುವಾದರೆ ಹಲ್ಲು ಕೊಕ್ಕೆಯಂತಾಗಿ, ಮೊದಮೊದಲು ರೊಯ್ಯನೆ ಕುಯ್ದು ಆಮೇಲೆ ಕೈಕೊಡುತ್ತದೆ. ದಪ್ಪವಾದರೆ ಅಂಚೇ ಏಳುವುದಿಲ್ಲ, ಹಲ್ಲು ಮರವನ್ನು ಸವರುತ್ತದೆಯೇ ಹೊರತು ಕಚ್ಚುವುದಿಲ್ಲ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲು ಹೇಳಿಕೊಡುತ್ತಿದ್ದದ್ದೇ ಇದನ್ನು. ಈಗ ಒಂದೊಂದೇ ಹಲ್ಲನ್ನು ತಾನೇ ಕೆಡಿಸುತ್ತಾ ಹೋದ, ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದ.

ಅಮಂಕ್ವಾ ಬಗ್ಗಿ ನೋಡಿದ. "ಆ ತೆಳ್ಳಂದು ಯಾಕೆ ಬಿಟ್ಟೆ? ಹೋದ್ಸಲ ನಮ್ಮನೇಲಿ ಅದ್ರಲ್ಲೇ ಅಲ್ವಾ ಮಸ್ದಿದ್ದು?"

ಸಾರ್ಪಾಂಗ್‌ನ ಕೈ ಒಂದು ಗಳಿಗೆ ನಿಂತಿತು. "ಅದು ಸಣ್ಣ ಮರ ಹಿರಿಯರೇ. ದಪ್ಪ ಮರಕ್ಕೆ ದಪ್ಪ ಅರ."

"ಗೊತ್ತು ಗೊತ್ತು. ನಿನಗೆ ಗೊತ್ತಿದ್ಯೋ ಇಲ್ವೋ ಅಂತ ಕೇಳ್ದೆ," ಎಂದ ಅಮಂಕ್ವಾ.

ಯಂತ್ರ ಕಾಡೆಲ್ಲ ಕೇಳುವಂತೆ ಅರಚಿತು. ಬುಡದಿಂದ ಚಕ್ಕೆ ಹಾರಬೇಕಾದಲ್ಲಿ ಜರಡಿ ಹಿಡಿದ ಹಿಟ್ಟಿನಂಥ ಪುಡಿ ಉದುರಿತು. ಆಮೇಲೆ ಹೊಗೆ ಬಂತು. ಸಾರ್ಪಾಂಗ್ ಮೈಯ ಬಲವೆಲ್ಲ ಹಾಕಿ ಒತ್ತಿದ, ಒತ್ತುವುದರಲ್ಲಿ ಮಾತ್ರ ಮೋಸ ಮಾಡಲಿಲ್ಲ. ಮತ್ತೆ ಮಸೆದ, ಮತ್ತೆ ಒತ್ತಿದ. ಹೊತ್ತು ನೆತ್ತಿಗೆ ಬಂದರೂ ಗಾಯ ತೊಗಟೆ ದಾಟಿ ಬೆರಳುದ್ದವೂ ಒಳಗೆ ಹೋಗಿರಲಿಲ್ಲ.

ಅಮಂಕ್ವಾನ ಮುಖ ಇಳಿಯಿತು. ಒಡುಮ್ ಅಂದರೆ ಹಾದಿಬೀದಿಯ ಮರವಲ್ಲ, ಒಳಗೆ ಯಾರೋ ಇರುತ್ತಾರೆ ಎಂದು ಹುಟ್ಟಿದ ಮಗುವಿಗೂ ಗೊತ್ತು. ಮನೆಯಿಂದ ಸಾರಾಯಿ ಬಾಟಲಿ ತರಿಸಿ, ಬುಡಕ್ಕೆ ಸುರಿದು, ಹಿರೀಕರ ಹೆಸರೆಲ್ಲ ಹೇಳಿ ಬೇಡಿಕೊಂಡ. ಗರಗಸ ಮತ್ತೆ ಹೊಗೆಯಾಡಿತು.

"ಏನಂತೆ ಇದಕ್ಕೆ?" ಅಮಂಕ್ವಾನ ದನಿ ತಗ್ಗಿತ್ತು.

"ನಂಗೇನು ಗೊತ್ತು. ಕೆಲವು ಒಡುಮ್ ಇರ್ತವಂತೆ, ತನ್ನ ನೆರಳಲ್ಲಿರೋ ಕಾಯಿ ಇಳಿಯೋತನಕ ಬೀಳಲ್ಲ ಅಂತ ನಮ್ಮಜ್ಜ ಹೇಳ್ತಿದ್ದ," ಎಂದ ಸಾರ್ಪಾಂಗ್. ಅವನಜ್ಜ ಸಮುದ್ರದ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದವನು, ಒಡುಮ್ ಮರವನ್ನು ಕಂಡವನೇ ಅಲ್ಲ.

ಸುದ್ದಿ ಹಬ್ಬಿತು. ಸಾರ್ಪಾಂಗ್‌ಗೇ ಬಗ್ಗದ ಮರ ನಮಗೆ ಬೇಡಪ್ಪ ಎಂದು ಉಳಿದ ಗರಗಸದವರು ಕೈಯೆತ್ತಿದರು. ಅವನ ಕೈಯೇ ಹೋಯ್ತು ಬಿಡಿ ಎಂದು ಬೆನ್ನ ಹಿಂದೆ ನಕ್ಕವರೂ ಅವರೇ. ಮಸೆಯಲು ಬರುತ್ತಿದ್ದ ಚೈನುಗಳು ಬೇರೆಯವರ ಬಾಗಿಲಿಗೆ ಹೋದವು. ಹಲ್ಲು ಕೆಟ್ಟ ಹಳೇ ಚೈನನ್ನು ಸಾರ್ಪಾಂಗ್ ಗೂಟಕ್ಕೆ ನೇತುಹಾಕಿದ. ನೋವಾಗಲಿಲ್ಲ ಎಂದರೆ ಸುಳ್ಳು.

ಕಾಯಿ ಇಳಿಯಿತು. ಬೀಜ ಒಣಗಿ ತಕ್ಕಡಿ ಏರಿ ಪೊಕುವಾಳ ಕೈಗೆ ದುಡ್ಡೂ ಬಂತು. ಮಾರನೆಯ ದಿನವೇ ಅಮಂಕ್ವಾ ಹೇಳಿಕಳಿಸಿದ. ಸಾರ್ಪಾಂಗ್ ಹೊಸ ಚೈನು ಹಾಕಿ, ಐದೂವರೆಯ ಅರವೊಂದನ್ನೇ ಹಿಡಿದು ಬೆಳಗಿನ ಜಾವವೇ ಹೋದ. ಅವನಿಗಿಂತ ಮೊದಲೇ ಪೊಕುವಾ ಬಂದಿದ್ದಳು. ತಾಳೆಯೆಣ್ಣೆ ಹಾಕಿ ಕಿವುಚಿದ ಗೆಣಸು, ಮೇಲೆ ಬೇಯಿಸಿದ ಮೊಟ್ಟೆ. ಬಾಳೆಲೆಯಲ್ಲಿ ಬಡಿಸಿ ಮರದ ಬುಡಕ್ಕಿಟ್ಟು ಮಂಡಿಯೂರಿದ್ದಳು. ಪಕ್ಕದಲ್ಲೇ ಅಮಂಕ್ವಾ ಹೆಗಲ ಮೇಲಿನ ಬಟ್ಟೆ ಇಳಿಸಿ ಭಕ್ತಿಯಿಂದ ನಿಂತಿದ್ದ.

ಪೊಕುವಾ ಎದ್ದು ಸಾರ್ಪಾಂಗ್‌ನನ್ನು ನೋಡಿದಳು. "ಈ ಮರಕ್ಕೆ ಬಾಯಿಲ್ಲ, ಆದ್ರೂ ನನ್ನ ಕಷ್ಟ ತಿಳೀತು. ನಿನಗೆ ಬಾಯಿತ್ತು. ನನ್ನ ಕೈಲಿ ಆಗಲ್ಲ ಅಂತ ಒಂದು ಮಾತು ಅನ್ನಲಿಲ್ಲ ನೀನು."

ಮಾತು ನಾಲಿಗೆಯ ತುದಿಗೆ ಬಂತು. ಅಮಂಕ್ವಾ ಮಾರು ದೂರದಲ್ಲೇ ಕಿವಿಗೊಟ್ಟು ನಿಂತಿದ್ದ.

"ಹೌದು ಅತ್ತಿಗೆ, ಅನ್ನಲಿಲ್ಲ," ಎಂದ ಸಾರ್ಪಾಂಗ್.

ಎದ್ದಾಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಅವನಿಗರಿವಿಲ್ಲದೆಯೇ ಕಣ್ಣು ಮೊಟ್ಟೆಯ ಕಡೆ ಹೋಯಿತು. ಪೊಕುವಾ ಬಗ್ಗಿ ಬಾಳೆಲೆಯ ಅಂಚನ್ನು ಮಡಿಸಿ ಮುಚ್ಚಿದಳು.

"ಇದು ನಿನಗಲ್ಲ," ಎಂದಳು.